ಪೈಥಾನ್ ಮೆನು ಪ್ರೋಗ್ರಾಂ ಸರಿಮಾಡುವುದು ಹೇಗೆ? ಬೆಣ್ಣೆ ದೋಸೆ ಕೌಂಟರ್ ಇಟ್ಟುಕೊಂಡು ನೋಡೋಣ

"ಸರ್, ಪ್ರೋಗ್ರಾಂ ಓಡ್ತಾ ಇದೆ. ಆದ್ರೆ ಕೋಡ್ ಚೆನ್ನಾಗಿಲ್ಲ ಅಂತಾರೆ. ಏನು ಬದಲಾಯಿಸ್ಲಿ?" ದಾವಣಗೆರೆಯ ಬಿಸಿಎ, ಡಿಪ್ಲೊಮಾ ಹುಡುಗರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಜೊತೆಗೆ ಒಂದು ಫೈಲು. ತೆರೆದರೆ ಅದೇ ಮೆನು ಪ್ರೋಗ್ರಾಂ: 1 ಒತ್ತಿದರೆ ಒಂದು ಕೆಲಸ, 2 ಒತ್ತಿದರೆ ಇನ್ನೊಂದು, 4 ಒತ್ತಿದರೆ ಹೊರಗೆ. ತಪ್ಪುಗಳೂ ಹೆಚ್ಚುಕಮ್ಮಿ ಅವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಉದಾಹರಣೆಗೆ ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನ ಕೌಂಟರ್ ತೆಗೆದುಕೊಳ್ಳೋಣ. ಗಿರಾಕಿ ಹೇಳಿದ್ದನ್ನು ಬಿಲ್ಲಿಗೆ ಸೇರಿಸಬೇಕು, ಬಿಲ್ಲು ತೋರಿಸಬೇಕು, ತಪ್ಪಾದರೆ ಅಳಿಸಬೇಕು. ಅಷ್ಟೇ. ಕೆಳಗಿನ ಬೆಲೆಗಳು ಸುಮ್ನೆ ಲೆಕ್ಕಕ್ಕೆ ಇಟ್ಟದ್ದು. ಅದೇ ಬೆಲೆಗೆ ದೋಸೆ ಕೊಡಿ ಅಂತ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಶುರು ಮಾಡುವ ಮೊದಲು

ಪೈಥಾನ್ 3 ಬೇಕು. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ. ನಿಮ್ಮ ಹಳೆಯ ನೋಟ್ಸ್‌ನಲ್ಲಿ "ರಾ ಇನ್‌ಪುಟ್" ಅಂತ ಇದ್ದರೆ ಅದು ಆ ಕಾಲದ್ದು. ಈಗ ಹಾಕಿದರೆ ನೇಮ್ ಎರರ್ ಬರುತ್ತದೆ, ಅಂದರೆ "ಈ ಹೆಸರು ನನಗೆ ಗೊತ್ತಿಲ್ಲ" ಎಂಬ ದೂರು. ಎಡಿಟರ್ ಯಾವುದಾದರೂ ಸರಿ. ನಿಮ್ಮ ಹಳೆಯ ಫೈಲನ್ನು ಕಾಪಿ ಮಾಡಿ ಪಕ್ಕಕ್ಕಿಡಿ. ಏನಾದರೂ ಕೆಟ್ಟರೆ ವಾಪಸ್ ಬರಲು ಜಾಗ ಬೇಕಲ್ವಾ?

ಕೋಡ್ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಇಫ್, ವೈಲ್, ಪ್ರಿಂಟ್, ಇನ್‌ಪುಟ್‌ನಂಥ ಪೈಥಾನಿನದೇ ಪದಗಳನ್ನು ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಆದರೆ ಆಯ್ಕೆ, ಬಿಲ್ಲು, ತಿಂಡಿಗಳು ಎಂಬಂಥ ನಮ್ಮ ಹೆಸರುಗಳು ಕನ್ನಡದಲ್ಲೇ ಇರಬಹುದು. 2008ರಲ್ಲಿ ಬಂದ ಪೈಥಾನ್ 3.0ಯಿಂದಲೇ ಇದಕ್ಕೆ ಅವಕಾಶ ಇದೆ. ಎರಡು ಎಚ್ಚರಿಕೆ ಮಾತ್ರ. ಒಂದು, ಟೈಪಿಂಗ್ ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಪೈಥಾನಿಗೆ ಕನ್ನಡವಾಗಿ ಕಾಣುವುದಿಲ್ಲ. ಇನ್ನೊಂದು, ಒತ್ತಕ್ಷರ ಆಗದಂತೆ ಅಕ್ಷರ ಬಿಡಿಸಲು ನಾವು ಹಾಕುವ ಕಣ್ಣಿಗೆ ಕಾಣದ ಗುರುತು ಇದೆಯಲ್ಲ, ಅದು ಹೆಸರಿನ ಒಳಗೆ ಬರಬಾರದು. ಬಂದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಅಂದರೆ "ಈ ಸಾಲು ಬರೆದ ರೀತಿ ತಪ್ಪು" ಎಂಬ ದೂರು. ಸಾಲನ್ನು ಎಷ್ಟು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ. ನಾನೇ ಒಂದು ಸಂಜೆ ಇದಕ್ಕೆ ಕಳೆದಿದ್ದೇನೆ.

ಈಗ ನನಗೆ ಬರುವ ಕೋಡ್ ಸಾಮಾನ್ಯವಾಗಿ ಹೀಗಿರುತ್ತದೆ:

ಡೆಫ್ ಮೆನು():
    ಪ್ರಿಂಟ್("1 ಬೆಣ್ಣೆ ದೋಸೆ")
    ಪ್ರಿಂಟ್("2 ಖಾಲಿ ದೋಸೆ")
    ಪ್ರಿಂಟ್("3 ಬಿಲ್ಲು")
    ಪ್ರಿಂಟ್("4 ಸಾಕು")
    ಆಯ್ಕೆ = ಇಂಟ್(ಇನ್‌ಪುಟ್("ಸಂಖ್ಯೆ: "))
    ಇಫ್ ಆಯ್ಕೆ == 1:
        ಬೆಣ್ಣೆ()
    ಇಫ್ ಆಯ್ಕೆ == 2:
        ಖಾಲಿ()
    ಇಫ್ ಆಯ್ಕೆ == 3:
        ಬಿಲ್ಲು_ತೋರಿಸು()
    ಇಫ್ ಆಯ್ಕೆ == 4:
        ಎಕ್ಸಿಟ್()
    ಎಲ್ಸ್:
        ಪ್ರಿಂಟ್("ತಪ್ಪು ಸಂಖ್ಯೆ")
        ಮೆನು()

ಬೆಣ್ಣೆ, ಖಾಲಿ, ಬಿಲ್ಲು_ತೋರಿಸು ಈ ಮೂರರ ಕೊನೆಯ ಸಾಲಿನಲ್ಲೂ ಮತ್ತೆ "ಮೆನು()" ಇರುತ್ತದೆ. ಓಡಿಸಿ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಇದರಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕೂತಿವೆ. ಅದಕ್ಕೇ ಮೊದಲ ಹಂತ ಮಾಡಿದ ಕೂಡಲೇ ಪ್ರೋಗ್ರಾಂ ಇನ್ನೂ ಕೆಟ್ಟಂತೆ ಕಾಣುತ್ತದೆ. ಗಾಬರಿ ಬೇಡ.

ಹಂತ 1: ಮೆನು ತನ್ನನ್ನೇ ಕರೆಯುವುದು ನಿಲ್ಲಲಿ

ಮೆನು ಬೆಣ್ಣೆಯನ್ನು ಕರೆಯಿತು. ಬೆಣ್ಣೆ ಮತ್ತೆ ಮೆನುವನ್ನು ಕರೆಯಿತು. ಮೊದಲ ಮೆನು ಇನ್ನೂ ಮುಗಿದಿಲ್ಲ, ಕಾಯುತ್ತಾ ನಿಂತಿದೆ. ಎರಡನೆಯದೂ ಹಾಗೆಯೇ. ಹೀಗೆ ಒಂದು ಕೆಲಸ ಮುಗಿಯುವ ಮೊದಲೇ ತನ್ನನ್ನೇ ಮತ್ತೆ ಕರೆದುಕೊಳ್ಳುವುದಕ್ಕೆ ರಿಕರ್ಷನ್ ಎನ್ನುತ್ತಾರೆ. ಮುಗಿಯದ ಕರೆಗಳನ್ನು ಪೈಥಾನ್ ಒಂದರ ಮೇಲೊಂದು ಪೇರಿಸಿ ಇಟ್ಟುಕೊಳ್ಳುತ್ತದೆ. ಆ ರಾಶಿಗೆ ಮಿತಿ ಇದೆ: ನೀವೇನೂ ಬದಲಾಯಿಸದಿದ್ದರೆ 1000. ನಮ್ಮ ಕೋಡಿನಲ್ಲಿ ಒಂದು ಆರ್ಡರಿಗೆ ಎರಡು ಕರೆ ಸೇರುತ್ತವೆ. ಅಂದರೆ ಸುಮಾರು 500 ಆರ್ಡರ್ ಆಗುವ ಹೊತ್ತಿಗೆ ರಿಕರ್ಷನ್ ಎರರ್ ಬಂದು ಪ್ರೋಗ್ರಾಂ ಬೀಳುತ್ತದೆ. ಲ್ಯಾಬಿನಲ್ಲಿ ಐದು ಸಲ ಒತ್ತಿ ನೋಡಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಭಾನುವಾರ ಬೆಳಗ್ಗೆ ಕೌಂಟರಿನ ಮುಂದೆ ಸಾಲು ನಿಂತಾಗ ಗೊತ್ತಾಗುತ್ತದೆ.

ಪರಿಹಾರ ಸುಲಭ. ಮೆನುವಿನ ಒಳಗಿನದ್ದನ್ನೆಲ್ಲ "ವೈಲ್ ಟ್ರೂ:" ಅಡಿಯಲ್ಲಿ ಹಾಕಿ. ಇದು ನಾವಾಗಿ ನಿಲ್ಲಿಸುವವರೆಗೆ ತಿರುಗುತ್ತಲೇ ಇರುವ ಲೂಪ್. ಫಂಕ್ಷನ್‌ಗಳ, ಅಂದರೆ ಡೆಫ್‌ನಿಂದ ಶುರುವಾಗುವ ತುಂಡುಗಳ, ಒಳಗಿನ "ಮೆನು()" ಕರೆಗಳನ್ನೆಲ್ಲ ಅಳಿಸಿ. 4ರಲ್ಲಿ "ಎಕ್ಸಿಟ್()" ಬದಲು "ರಿಟರ್ನ್" ಬರೆಯಿರಿ. ಎಕ್ಸಿಟ್ ಇಡೀ ಪ್ರೋಗ್ರಾಮನ್ನೇ ಮುಚ್ಚುತ್ತದೆ. ನಾಳೆ ಒಳಮೆನು ಮಾಡಿದಾಗ "ಹಿಂದಕ್ಕೆ" ಒತ್ತಿದವನನ್ನು ಹೋಟೆಲಿನಿಂದಲೇ ಹೊರಗೆ ಹಾಕಿದಂತಾಗುತ್ತದೆ.

ಈಗ ಓಡಿಸಿ 1 ಒತ್ತಿ. ದೋಸೆ ಸೇರುತ್ತದೆ. ಕೆಳಗೇ "ತಪ್ಪು ಸಂಖ್ಯೆ" ಅಂತಲೂ ಬರುತ್ತದೆ!

ಹಂತ 2: ಇಫ್‌ಗಳನ್ನು ಪೋಣಿಸಿ

ನಾಲ್ಕೂ ಇಫ್‌ಗಳು ಬೇರೆ ಬೇರೆ ಪ್ರಶ್ನೆಗಳು. ಕೊನೆಯ ಎಲ್ಸ್ ಸೇರಿರುವುದು ನಾಲ್ಕನೆಯ ಇಫ್‌ಗೆ ಮಾತ್ರ. ಹಾಗಾಗಿ 4 ಅಲ್ಲದ ಎಲ್ಲದಕ್ಕೂ "ತಪ್ಪು ಸಂಖ್ಯೆ". ಮೊದಲು ಮೆನು ತನ್ನನ್ನೇ ಕರೆದುಕೊಳ್ಳುತ್ತಿದ್ದರಿಂದ ಆ ಸಾಲಿನವರೆಗೆ ಪ್ರೋಗ್ರಾಂ ವಾಪಸ್ ಬರುತ್ತಲೇ ಇರಲಿಲ್ಲ. ಅದಕ್ಕೇ ತಪ್ಪು ಅಡಗಿತ್ತು. ಎರಡನೆಯದರಿಂದ ಮುಂದಿನ ಇಫ್‌ಗಳನ್ನೆಲ್ಲ ಎಲಿಫ್ ಮಾಡಿ. ಆಗ ಅದು ಒಂದೇ ಸರ. ಒಂದು ಹೊಂದಿದರೆ ಉಳಿದದ್ದನ್ನು ಕೇಳುವುದಿಲ್ಲ.

ಇಲ್ಲೇ ಇನ್ನೊಂದು ಗುಂಡಿ. "1 ಅಥವಾ 2 ಆದರೆ" ಎಂದು ಹೇಳಲು ಕೆಲವರು "ಇಫ್ ಆಯ್ಕೆ == 1 ಆರ್ 2:" ಎಂದು ಬರೆಯುತ್ತಾರೆ. ಪೈಥಾನ್ ಅದನ್ನು "ಆಯ್ಕೆ 1 ಆಗಿದೆಯೇ, ಅಥವಾ 2 ಎಂಬುದು ನಿಜವೇ" ಎಂದು ಓದುತ್ತದೆ. ಸೊನ್ನೆಯಲ್ಲದ ಸಂಖ್ಯೆ ಯಾವಾಗಲೂ ನಿಜ. ಆದ್ದರಿಂದ ಏನು ಒತ್ತಿದರೂ ಅದೇ ಕೆಲಸ. "ಇಫ್ ಆಯ್ಕೆ ಇನ್ (1, 2):" ಎಂದು ಬರೆಯಿರಿ.

ಹಂತ 3: ಏನು ಒತ್ತಿದರೂ ಪ್ರೋಗ್ರಾಂ ಬೀಳಬಾರದು

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಅತಿ ಹೆಚ್ಚು ಪ್ರಶ್ನೆ ಬರುವುದು ಇಲ್ಲೇ.

ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್ ಕೊಡುತ್ತದೆ, ಅಂದರೆ ಅಕ್ಷರಗಳ ಸಾಲು. ನೀವು 1 ಒತ್ತಿದರೂ ಅದು ಒಂದು ಎಂಬ ಸಂಖ್ಯೆ ಅಲ್ಲ, "1" ಎಂಬ ಅಕ್ಷರ. ಅದಕ್ಕೇ ಎಲ್ಲರೂ ಹೊರಗೊಂದು ಇಂಟ್ ಸುತ್ತುತ್ತಾರೆ. ಗಿರಾಕಿ ಸುಮ್ನೆ ಎಂಟರ್ ಒತ್ತಿದರೆ, ಅಥವಾ "ದೋಸೆ" ಎಂದು ಬರೆದರೆ, ಇಂಟ್ ಅದನ್ನು ಸಂಖ್ಯೆ ಮಾಡಲಾಗದೆ ವ್ಯಾಲ್ಯೂ ಎರರ್ ಎಸೆಯುತ್ತದೆ. ಪ್ರೋಗ್ರಾಂ ಅಲ್ಲಿಗೆ ಮುಗಿಯಿತು.

ಆಮೇಲೆ ಯಾರೋ "ಟ್ರೈ ಎಕ್ಸೆಪ್ಟ್ ಹಾಕು" ಅನ್ನುತ್ತಾರೆ. ಟ್ರೈ ಒಳಗಿನ ಸಾಲು ಎರರ್ ಎಸೆದರೆ ಎಕ್ಸೆಪ್ಟ್ ಅದನ್ನು ಹಿಡಿಯುತ್ತದೆ. ಹಾಕುವುದು ಸರಿ. ಆದರೆ ಬರೀ "ಎಕ್ಸೆಪ್ಟ್:" ಎಂದು ಬರೆಯಬೇಡಿ. ಅದು ಎಲ್ಲವನ್ನೂ ನುಂಗುತ್ತದೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಲು ಹೋದರೆ ಅದನ್ನೂ ನುಂಗಿ "ಸಂಖ್ಯೆ ಕೊಡಿ" ಅನ್ನುತ್ತದೆ. ಟ್ರೈ ಒಳಗೆ ಎಕ್ಸಿಟ್ ಇದ್ದರೆ ಅದನ್ನೂ ಬಿಡುವುದಿಲ್ಲ. ಕೊನೆಗೆ ಕಿಟಕಿಯನ್ನೇ ಮುಚ್ಚಬೇಕಾಗುತ್ತದೆ. "ಎಕ್ಸೆಪ್ಟ್ ವ್ಯಾಲ್ಯೂ ಎರರ್:" ಎಂದು ಹೆಸರು ಹಿಡಿದು ಬರೆಯಿರಿ. ಎರರ್‌ನ ಹೆಸರು ಇಂಗ್ಲಿಷಿನಲ್ಲಿ ನಡುವೆ ಜಾಗವಿಲ್ಲದೆ ಒಂದೇ ಪದ, ನೆನಪಿಡಿ. ಟ್ರೈ ಒಳಗೆ ಇರುವುದೂ ಒಂದೇ ಸಾಲು ಇರಲಿ, ಇಂಟ್ ಮಾಡುವ ಸಾಲು. ಬಿಲ್ಲಿನ ಲೆಕ್ಕವನ್ನೂ ಅದರೊಳಗೆ ತುರುಕಿದರೆ, ಲೆಕ್ಕದಲ್ಲಿ ಆದ ತಪ್ಪಿಗೂ ಗಿರಾಕಿಗೆ "ತಪ್ಪು ಸಂಖ್ಯೆ" ಎಂಬ ಬೈಗುಳ ಬೀಳುತ್ತದೆ.

ನನ್ನನ್ನು ಕೇಳಿದರೆ, ಮೆನುವಿನ ಆಯ್ಕೆಯನ್ನು ಸಂಖ್ಯೆ ಮಾಡುವುದೇ ಬೇಡ. ಅದನ್ನು ಕೂಡಿಸಿ ಕಳೆಯುವುದಿಲ್ಲವಲ್ಲ? ಅಕ್ಷರವಾಗಿಯೇ ಇಟ್ಟುಕೊಂಡು "1" ಜೊತೆ ಹೋಲಿಸಿ. ಬೀಳುವ ಭಯವೇ ಇಲ್ಲ. "ಎಷ್ಟು ಪ್ಲೇಟು?" ಎಂದು ಕೇಳುವಾಗ ಮಾತ್ರ ಇಂಟ್ ಬೇಕು.

ಹಾಗೆ ಮಾಡಿದಾಗ ಕನ್ನಡದವರಿಗೆ ಮಾತ್ರ ಸಿಗುವ ಒಂದು ತೊಡಕು ಇದೆ. ಗಿರಾಕಿ ಕನ್ನಡ ಕೀಲಿಮಣೆಯಲ್ಲಿ ೧ ಒತ್ತಿದ ಅನ್ನಿ. "೧" ಮತ್ತು "1" ಪೈಥಾನಿಗೆ ಬೇರೆ ಬೇರೆ ಅಕ್ಷರ. ಹೋಲಿಸಿದರೆ ಹೊಂದುವುದಿಲ್ಲ. ಆದರೆ ಇಂಟ್‌ಗೆ ಕನ್ನಡ ಅಂಕಿ ಚೆನ್ನಾಗಿ ಗೊತ್ತು. "೧೨" ಕೊಟ್ಟರೆ 12 ಎಂದು ಸರಿಯಾಗಿ ತಿರುಗಿಸುತ್ತದೆ. ಈ ಗುಣವನ್ನು ಬಳಸಿಕೊಂಡು ಒಂದು ಪುಟ್ಟ ಫಂಕ್ಷನ್ ಮಾಡೋಣ:

ಡೆಫ್ ಕೇಳು(ಪ್ರಶ್ನೆ):
    ಉತ್ತರ = ಇನ್‌ಪುಟ್(ಪ್ರಶ್ನೆ).ಸ್ಟ್ರಿಪ್()
    ಇಫ್ ಉತ್ತರ.ಈಸ್‌ಡೆಸಿಮಲ್():
        ಉತ್ತರ = ಎಸ್‌ಟಿಆರ್(ಇಂಟ್(ಉತ್ತರ))
    ರಿಟರ್ನ್ ಉತ್ತರ

ಸ್ಟ್ರಿಪ್ ಎಂದರೆ ಹಿಂದೆ ಮುಂದೆ ಅಂಟಿದ ಖಾಲಿ ಜಾಗ ತೆಗೆಯುವುದು. ಈಸ್‌ಡೆಸಿಮಲ್ "ಇದರಲ್ಲಿ ಬರೀ ಅಂಕಿಗಳೇ ಇವೆಯೇ" ಎಂದು ಕೇಳುತ್ತದೆ. ಎಸ್‌ಟಿಆರ್ ಸಂಖ್ಯೆಯನ್ನು ಮತ್ತೆ ಅಕ್ಷರ ಮಾಡುತ್ತದೆ. ಈಗ "೧", " 1 ", "01" ಮೂರೂ "1" ಆಗುತ್ತವೆ. ಈಸ್‌ಡಿಜಿಟ್ ಎಂಬ ಇನ್ನೊಂದು ಇದೆ, ಪುಸ್ತಕಗಳಲ್ಲಿ ಜಾಸ್ತಿ ಕಾಣುವುದು ಅದೇ. ಅದು "²" ಎಂಬ ವರ್ಗದ ಗುರುತನ್ನೂ ಅಂಕಿ ಎಂದು ಒಪ್ಪಿಕೊಳ್ಳುತ್ತದೆ. ಇಂಟ್ ಒಪ್ಪುವುದಿಲ್ಲ. ಪ್ರೋಗ್ರಾಂ ಮತ್ತೆ ಬೀಳುತ್ತದೆ. ಈಸ್‌ಡೆಸಿಮಲ್ ಇರಲಿ.

ಹಂತ 4: ಬೋರ್ಡು ಮತ್ತು ಅಡುಗೆಮನೆಗೆ ಒಂದೇ ಪಟ್ಟಿ

ಇಲ್ಲಿಯವರೆಗೆ ಮಾಡಿದ್ದು ರಿಪೇರಿ. ನಿಜವಾದ ಸುಧಾರಣೆ ಇನ್ನು ಮುಂದೆ.

ಹಳೆಯ ಕೋಡಿನಲ್ಲಿ ಮೆನು ಎರಡು ಕಡೆ ಇದೆ. ಮೇಲೆ ಪ್ರಿಂಟ್ ಸಾಲುಗಳಲ್ಲಿ ಒಮ್ಮೆ, ಕೆಳಗೆ ಇಫ್‌ಗಳಲ್ಲಿ ಇನ್ನೊಮ್ಮೆ. ಗೋಡೆಯ ಬೋರ್ಡಿನಲ್ಲಿ ಒಂದು, ಅಡುಗೆಮನೆಯಲ್ಲಿ ಇನ್ನೊಂದು. ಮಧ್ಯೆ ಒಂದು ಹೊಸ ಆಯ್ಕೆ ಸೇರಿಸಿ, ಪ್ರಿಂಟ್‌ನಲ್ಲಿ ಸಂಖ್ಯೆ ತಿದ್ದಿ, ಇಫ್‌ನಲ್ಲಿ ತಿದ್ದಲು ಮರೆತರೆ? 3 ಒತ್ತಿದವನಿಗೆ 4ರ ಕೆಲಸ. ನನಗೆ ಬರುವ "ಸರ್, ಬೇರೆ ಏನೋ ಆಗ್ತಿದೆ" ಎಂಬ ದೂರುಗಳಲ್ಲಿ ಬಹಳಷ್ಟು ಇದೇ.

ಎರಡನ್ನೂ ಒಂದೇ ಪಟ್ಟಿಗೆ ತನ್ನಿ. ಇದಕ್ಕೆ ಡಿಕ್ಷನರಿ ಬಳಸುತ್ತೇವೆ. ಹೆಸರು ಹೇಳಿದರೆ ಅದಕ್ಕೆ ಸೇರಿದ್ದನ್ನು ತೆಗೆದುಕೊಡುವ ಪಟ್ಟಿ ಅದು. ಎಡಕ್ಕೆ ಕೀಲಿ, ಬಲಕ್ಕೆ ಅದಕ್ಕೆ ಸೇರಿದ್ದು:

ಆಯ್ಕೆಗಳು = {
    "1": ("ತಿಂಡಿ ಸೇರಿಸು", ತಿಂಡಿ_ಸೇರಿಸು),
    "2": ("ಬಿಲ್ಲು ತೋರಿಸು", ಬಿಲ್ಲು_ತೋರಿಸು),
    "3": ("ಬಿಲ್ಲು ಅಳಿಸು", ಬಿಲ್ಲು_ಅಳಿಸು),
}

ತಿಂಡಿ_ಸೇರಿಸು, ಬಿಲ್ಲು_ಅಳಿಸು 6ನೇ ಹಂತದಲ್ಲಿ ಬರುತ್ತವೆ. ಪ್ರತಿ ಕೀಲಿಗೂ ಒಂದು ಜೋಡಿ. ಜೋಡಿಯ ಮೊದಲನೆಯದು ಪರದೆ ಮೇಲೆ ಕಾಣುವ ಮಾತು. ಎರಡನೆಯದು ಮಾಡಬೇಕಾದ ಕೆಲಸ, ಅಂದರೆ ಫಂಕ್ಷನ್. ಪೈಥಾನಿನಲ್ಲಿ ಫಂಕ್ಷನ್ ಕೂಡ ಒಂದು ವಸ್ತು. ಸಂಖ್ಯೆಯಂತೆ, ಅಕ್ಷರದಂತೆ ಅದನ್ನೂ ಪಟ್ಟಿಯಲ್ಲಿ ಇಡಬಹುದು. ಈ ಮಾತು ತಲೆಗೆ ಹೊಕ್ಕರೆ ಉದ್ದದ ಎಲಿಫ್ ಸರ ತಾನಾಗಿ ಹೋಗುತ್ತದೆ.

ಇಲ್ಲಿ ಎಡವುವ ಜಾಗಗಳು ನಾಲ್ಕು.

ಫಂಕ್ಷನ್ ಹೆಸರಿನ ಮುಂದೆ ಆವರಣ ಹಾಕಬೇಡಿ. "ಬಿಲ್ಲು_ತೋರಿಸು()" ಎಂದರೆ "ಈಗಲೇ ತೋರಿಸು". ಪಟ್ಟಿ ತಯಾರಾಗುವಾಗಲೇ ಅದು ಓಡಿಬಿಡುತ್ತದೆ. ಪಟ್ಟಿಯಲ್ಲಿ ಉಳಿಯುವುದು ಅದು ಕೊಟ್ಟ ಉತ್ತರ, ಸಾಮಾನ್ಯವಾಗಿ ನನ್ ಎಂಬ "ಏನೂ ಇಲ್ಲ". ಆಮೇಲೆ ಕರೆದರೆ "ನನ್ ಟೈಪನ್ನು ಕರೆಯಲಾಗದು" ಎಂಬ ಎರರ್ ಬರುತ್ತದೆ. ಮೆನು ಬರುವ ಮೊದಲೇ ಬಿಲ್ಲು ಪ್ರಿಂಟ್ ಆದರೆ ಮೊದಲು ಈ ಆವರಣ ಹುಡುಕಿ.

ಡಿಕ್ಷನರಿಯನ್ನು ಫಂಕ್ಷನ್‌ಗಳ ಕೆಳಗೆ ಇಡಿ. ಪೈಥಾನ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಇನ್ನೂ ಹುಟ್ಟದ ಹೆಸರನ್ನು ಪಟ್ಟಿಗೆ ಹಾಕಿದರೆ ನೇಮ್ ಎರರ್.

ಒಂದೇ ಕೀಲಿ ಎರಡು ಸಲ ಬರೆದರೆ ಪೈಥಾನ್ ಏನೂ ಹೇಳುವುದಿಲ್ಲ. ಕೊನೆಯದನ್ನು ಇಟ್ಟುಕೊಂಡು ಮೊದಲಿನದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಸಾಲನ್ನು ಕಾಪಿ ಮಾಡಿ ಸಂಖ್ಯೆ ತಿದ್ದಲು ಮರೆತಾಗ ಹೀಗಾಗುತ್ತದೆ.

ಇನ್ನು ಕೀ ಎರರ್. ಪಟ್ಟಿಯಲ್ಲಿ ಇಲ್ಲದ ಕೀಲಿ ಕೇಳಿದರೆ ಬರುವುದು ಇದು. ಇದನ್ನು ಟ್ರೈಯಲ್ಲಿ ಹಿಡಿಯುವ ಬದಲು, ಮೊದಲೇ "ಇಫ್ ಉತ್ತರ ನಾಟ್ ಇನ್ ಆಯ್ಕೆಗಳು:" ಎಂದು ಕೇಳಿಬಿಡಿ. ಯಾಕೆ ಅಂದರೆ, ಕರೆದ ಫಂಕ್ಷನ್ ಒಳಗೂ ಒಂದು ಕೀ ಎರರ್ ಆಗಬಹುದು. ಆಗ ನಿಮ್ಮ ಟ್ರೈ ಅದನ್ನೂ "ತಪ್ಪು ಸಂಖ್ಯೆ" ಎಂದು ಮುಚ್ಚಿಹಾಕುತ್ತದೆ.

ಪಟ್ಟಿಯನ್ನು ಬರೆದ ಕ್ರಮದಲ್ಲೇ ಪ್ರಿಂಟ್ ಆಗುತ್ತದಾ ಎಂದು ಕೆಲವರು ಕೇಳುತ್ತಾರೆ. ಹೌದು. ಪೈಥಾನ್ 3.7ರಿಂದ ಡಿಕ್ಷನರಿ ಬರೆದ ಕ್ರಮವನ್ನೇ ಉಳಿಸಿಕೊಳ್ಳುತ್ತದೆ.

"ಮ್ಯಾಚ್-ಕೇಸ್ ಬಳಸಬಹುದಲ್ವಾ?" ಎಂಬ ಪ್ರಶ್ನೆಯೂ ಬರುತ್ತದೆ. 2021ರ ಪೈಥಾನ್ 3.10ರಲ್ಲಿ ಅದು ಬಂದಿದೆ. ಬಳಸಬಹುದು. ಆದರೆ ಮೆನುವಿಗೆ ಅದು ಎಲಿಫ್ ಸರಕ್ಕೆ ಹೊಸ ಬಟ್ಟೆ ತೊಡಿಸಿದಂತೆ ಅಷ್ಟೇ. ಬೋರ್ಡು ಬೇರೆ, ಅಡುಗೆಮನೆ ಬೇರೆ ಎಂಬ ತೊಂದರೆ ಹಾಗೇ ಉಳಿಯುತ್ತದೆ.

ಹಂತ 5: ಮೆನು ನಡೆಸುವವನು ಒಬ್ಬನೇ ಇರಲಿ

ಈಗ ಪಟ್ಟಿಯನ್ನು ತೋರಿಸಿ, ಕೇಳಿ, ಕೆಲಸ ಮಾಡಿಸುವ ಒಂದು ಫಂಕ್ಷನ್:

ಡೆಫ್ ಮೆನು_ನಡೆಸು(ತಲೆಬರಹ, ಆಯ್ಕೆಗಳು, ಹೊರಕ್ಕೆ):
    ವೈಲ್ ಟ್ರೂ:
        ಪ್ರಿಂಟ್(ತಲೆಬರಹ)
        ಫಾರ್ ಕೀಲಿ, (ಹೆಸರು, ಕೆಲಸ) ಇನ್ ಆಯ್ಕೆಗಳು.ಐಟಮ್ಸ್():
            ಪ್ರಿಂಟ್(ಕೀಲಿ, ಹೆಸರು)
        ಪ್ರಿಂಟ್("0", ಹೊರಕ್ಕೆ)
        ಉತ್ತರ = ಕೇಳು("ಸಂಖ್ಯೆ: ")
        ಇಫ್ ಉತ್ತರ == "0":
            ರಿಟರ್ನ್
        ಇಫ್ ಉತ್ತರ ನಾಟ್ ಇನ್ ಆಯ್ಕೆಗಳು:
            ಪ್ರಿಂಟ್(ಉತ್ತರ, "ಪಟ್ಟಿಯಲ್ಲಿ ಇಲ್ಲ. ಮೇಲಿನ ಸಂಖ್ಯೆಗಳಲ್ಲಿ ಒಂದನ್ನು ಒತ್ತಿ.")
            ಕಂಟಿನ್ಯೂ
        ಹೆಸರು, ಕೆಲಸ = ಆಯ್ಕೆಗಳು[ಉತ್ತರ]
        ಕೆಲಸ()

ಕಂಟಿನ್ಯೂ ಎಂದರೆ "ಕೆಳಗಿನದನ್ನು ಬಿಟ್ಟು ಲೂಪಿನ ಮೇಲಕ್ಕೆ ಹೋಗು". ಕೊನೆಯ ಸಾಲಿನಲ್ಲಿ ಮಾತ್ರ ಆವರಣ ಇದೆ ನೋಡಿ. ಕೆಲಸ ನಡೆಯುವುದು ಅಲ್ಲಿ.

ಹೊರಗೆ ಹೋಗುವುದಕ್ಕೆ ಯಾವಾಗಲೂ 0 ಇಟ್ಟಿದ್ದೇನೆ. ಕೊನೆಯ ಸಂಖ್ಯೆ ಇಟ್ಟರೆ ಆಯ್ಕೆ ಸೇರಿಸಿದಾಗಲೆಲ್ಲ ಅದು ಬದಲಾಗುತ್ತದೆ. ಬೆರಳಿಗೆ ಅಭ್ಯಾಸ ಆಗಿರುತ್ತದೆ. ಮೊನ್ನೆವರೆಗೆ "ಸಾಕು" ಆಗಿದ್ದ 4 ಇವತ್ತು "ಬಿಲ್ಲು ಅಳಿಸು" ಆದರೆ ಏನು ಗತಿ?

ಈ ಫಂಕ್ಷನ್‌ಗೆ ದೋಸೆಯೂ ಗೊತ್ತಿಲ್ಲ, ಬಿಲ್ಲೂ ಗೊತ್ತಿಲ್ಲ. ಅದೇ ಇದರ ಬಲ. ಸಂಜೆಯ ಮಂಡಕ್ಕಿ-ಮಿರ್ಚಿ ಅಂಗಡಿಗೆ ಬೇರೆ ಪಟ್ಟಿ ಕೊಡಿ, ಅದಕ್ಕೂ ಓಡುತ್ತದೆ. ಒಳಮೆನು ಬೇಕಾ? ಒಂದು ಫಂಕ್ಷನ್ ಬರೆದು, ಅದರೊಳಗೆ ಬೇರೆ ಪಟ್ಟಿಯೊಂದಿಗೆ ಮೆನು_ನಡೆಸು ಕರೆಯಿರಿ. ಹೊರಕ್ಕೆ ಎಂಬಲ್ಲಿ "ಹಿಂದಕ್ಕೆ" ಎಂದು ಕೊಡಿ. 0 ಒತ್ತಿದಾಗ ರಿಟರ್ನ್ ಆಗಿ ಹೊರಗಿನ ಮೆನುವಿಗೆ ತಾನಾಗಿ ಬರುತ್ತದೆ.

ಹಂತ 6: ತಿಂಡಿಗೊಂದು ಫಂಕ್ಷನ್ ಬೇಡ

ಬೆಣ್ಣೆಗೊಂದು, ಖಾಲಿಗೊಂದು ಫಂಕ್ಷನ್ ಬರೆದಿದ್ದಿರಿ. ಎರಡರಲ್ಲೂ ಬದಲಾಗುವುದು ಹೆಸರು ಮತ್ತು ಬೆಲೆ ಮಾತ್ರ. ನಾಳೆ ಪಡ್ಡು ಸೇರಿಸಿದರೆ ಇನ್ನೊಂದು ಬರೆಯುತ್ತೀರಾ? ಬದಲಾಗುವುದನ್ನು ಪಟ್ಟಿಗೆ ಹಾಕಿ. ಬದಲಾಗದ್ದು ಒಂದೇ ಫಂಕ್ಷನ್ ಆಗಲಿ:

ತಿಂಡಿಗಳು = [("ಬೆಣ್ಣೆ ದೋಸೆ", 70), ("ಖಾಲಿ ದೋಸೆ", 50), ("ಪಡ್ಡು", 40)]
ಬಿಲ್ಲು = []

ಡೆಫ್ ತಿಂಡಿ_ಸೇರಿಸು():
    ಫಾರ್ ಸಂಖ್ಯೆ, (ಹೆಸರು, ಬೆಲೆ) ಇನ್ ಎನ್ಯುಮರೇಟ್(ತಿಂಡಿಗಳು, 1):
        ಪ್ರಿಂಟ್(ಸಂಖ್ಯೆ, ಬೆಲೆ, ಹೆಸರು)
    ಉತ್ತರ = ಕೇಳು("ಯಾವ ತಿಂಡಿ? ")
    ಇಫ್ ಉತ್ತರ.ಈಸ್‌ಡೆಸಿಮಲ್() ಆಂಡ್ 1 <= ಇಂಟ್(ಉತ್ತರ) <= ಲೆನ್(ತಿಂಡಿಗಳು):
        ಬಿಲ್ಲು.ಅಪೆಂಡ್(ತಿಂಡಿಗಳು[ಇಂಟ್(ಉತ್ತರ) - 1])
    ಎಲ್ಸ್:
        ಪ್ರಿಂಟ್("ಆ ತಿಂಡಿ ಇಲ್ಲ.")

ಎನ್ಯುಮರೇಟ್ ಪಟ್ಟಿಯ ಪ್ರತಿಯೊಂದಕ್ಕೂ ಸಂಖ್ಯೆ ಹಚ್ಚುತ್ತಾ ಹೋಗುತ್ತದೆ. ಕೊನೆಯ 1 ಎಂದರೆ ಒಂದರಿಂದ ಶುರು ಮಾಡು ಎಂದು. ಪೈಥಾನ್ ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತದೆ, ನಾವು ಒಂದರಿಂದ. ಅದಕ್ಕೇ ತೆಗೆಯುವಾಗ ಒಂದು ಕಳೆಯಬೇಕು.

"1 <=" ಎಂಬ ತಪಾಸಣೆಯನ್ನು ಬಿಟ್ಟು ನೋಡಿ, ತಮಾಷೆ ಆಗುತ್ತದೆ. 0 ಒತ್ತಿದರೆ, ಒಂದು ಕಳೆದು -1 ಆಗುತ್ತದೆ. ಪೈಥಾನಿನಲ್ಲಿ -1 ಎಂದರೆ ಪಟ್ಟಿಯ ಕೊನೆಯದು. ಎರರ್ ಬರುವುದಿಲ್ಲ. ಏನೂ ಬೇಡ ಎಂದು 0 ಒತ್ತಿದ ಗಿರಾಕಿಗೆ ಒಂದು ಪ್ಲೇಟು ಪಡ್ಡು ಬಿಲ್ಲಾಗುತ್ತದೆ. ಬಿದ್ದು ನಿಲ್ಲುವ ಪ್ರೋಗ್ರಾಮಿಗಿಂತ ಹೀಗೆ ನಗುತ್ತಾ ತಪ್ಪು ಮಾಡುವ ಪ್ರೋಗ್ರಾಂ ಅಪಾಯ.

ಬಿಲ್ಲು_ತೋರಿಸು ನೀವೇ ಬರೆಯಬಲ್ಲಿರಿ. ಬೆಲೆಗಳನ್ನು ಕೂಡಿಸಿದರಾಯಿತು. ಪೈಸೆ ಬಂದರೆ ಮಾತ್ರ ಎಚ್ಚರ. 0.1 + 0.2 ಎಂದು ಕೊಟ್ಟು ನೋಡಿ, 0.30000000000000004 ಬರುತ್ತದೆ. ದಶಮಾಂಶವನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ದುಡ್ಡನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿಯೇ ಇಟ್ಟು, ತೋರಿಸುವಾಗ ರೂಪಾಯಿ ಮಾಡಿ.

ಬಿಲ್ಲು_ಅಳಿಸು ಕಂಡಷ್ಟು ಸುಲಭ ಅಲ್ಲ. ಫಂಕ್ಷನ್ ಒಳಗೆ "ಬಿಲ್ಲು = []" ಎಂದು ಬರೆದರೆ ಹಳೆಯ ಬಿಲ್ಲು ಹಾಗೇ ಇರುತ್ತದೆ. ಫಂಕ್ಷನ್ ಒಳಗೆ ಅದೇ ಹೆಸರಿನ ಹೊಸ ಖಾಲಿ ಪಟ್ಟಿ ಹುಟ್ಟಿ, ಅಲ್ಲೇ ಸಾಯುತ್ತದೆ. "ಬಿಲ್ಲು.ಕ್ಲಿಯರ್()" ಎಂದು ಬರೆಯಿರಿ. ಅದು ಇರುವ ಪಟ್ಟಿಯನ್ನೇ ಬರಿದು ಮಾಡುತ್ತದೆ. ಅಳಿಸುವ ಮೊದಲು "ಖಂಡಿತಾನಾ?" ಎಂದು ಒಮ್ಮೆ ಕೇಳಿ. "ಹೌದು" ಬಂದರೆ ಮಾತ್ರ ಅಳಿಸಿ. ಉಳಿದ ಯಾವ ಉತ್ತರವೂ "ಬೇಡ" ಎಂದೇ ಲೆಕ್ಕ.

ಹೆಸರಿನ ಬಗ್ಗೆ ಒಂದು ಮಾತು. ಪಟ್ಟಿಗೂ ಫಂಕ್ಷನ್‌ಗೂ ಎರಡಕ್ಕೂ "ಬಿಲ್ಲು" ಎಂದೇ ಹೆಸರಿಟ್ಟರೆ, ನಂತರ ಬಂದದ್ದು ಮೊದಲಿನದನ್ನು ಅಳಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಸುಲಭ ಉಪಾಯ ಇದೆ. ವಸ್ತುವಿಗೆ ನಾಮಪದ: ಬಿಲ್ಲು, ತಿಂಡಿಗಳು. ಕೆಲಸಕ್ಕೆ ಆಜ್ಞೆ: ತೋರಿಸು, ಸೇರಿಸು, ಕೇಳು. ಓದಿದ ಕೂಡಲೇ ಯಾವುದು ಏನು ಅಂತ ತಿಳಿಯುತ್ತದೆ.

ಹಂತ 7: ಪರದೆ

ಬೆಲೆಯನ್ನು ಹೆಸರಿಗಿಂತ ಮೊದಲು ಪ್ರಿಂಟ್ ಮಾಡಿದ್ದು ಯಾಕೆ ಗೊತ್ತಾ? ಕನ್ನಡ ಹೆಸರುಗಳನ್ನು ಎಡಕ್ಕೆ ಜೋಡಿಸಿ ಬಲಕ್ಕೆ ಬೆಲೆಗಳನ್ನು ನೇರ ಸಾಲಿನಲ್ಲಿ ನಿಲ್ಲಿಸಲು ಹೋದರೆ ಸೊಟ್ಟ ಆಗುತ್ತದೆ. "ದೋಸೆ" ನಮಗೆ ಎರಡು ಅಕ್ಷರ. ಪೈಥಾನಿಗೆ ಲೆನ್ ಕೇಳಿದರೆ 4 ಅನ್ನುತ್ತದೆ, ಯಾಕೆಂದರೆ ಸ್ವರದ ಗುರುತುಗಳನ್ನೂ ಬೇರೆಯಾಗಿ ಎಣಿಸುತ್ತದೆ. "ಬೆಣ್ಣೆ"ಗೆ 6. ಈ ಲೆಕ್ಕ ನಂಬಿ ಖಾಲಿ ಜಾಗ ತುಂಬಿದರೆ ಸಾಲು ಕೂಡುವುದಿಲ್ಲ. ಸಂಖ್ಯೆ ಮುಂದೆ, ಹೆಸರು ಹಿಂದೆ ಇಟ್ಟರೆ ತಲೆನೋವೇ ಇಲ್ಲ.

ಬಿಲ್ಲನ್ನು ಫೈಲಿಗೆ ಬರೆಯುವುದಾದರೆ ಓಪನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡಕ್ಕೂ ಜಾಗವಿರುವ ಅಕ್ಷರಪಟ್ಟಿ) ಎಂದು ಹೇಳಿ. ಇಲ್ಲದಿದ್ದರೆ ವಿಂಡೋಸ್ ತನ್ನ ಹಳೆಯ ಅಕ್ಷರಪಟ್ಟಿ ಹಿಡಿದು ಕನ್ನಡ ಬರೆಯಲಾರೆ ಎನ್ನಬಹುದು.

ಪ್ರತಿ ಸಲ ಪರದೆ ಒರೆಸಬೇಕು ಎಂಬ ಆಸೆ ಎಲ್ಲರಿಗೂ. ನನಗೆ ಇಷ್ಟ ಇಲ್ಲ. ಕೊಟ್ಟ ಎಚ್ಚರಿಕೆಯನ್ನು ಓದುವ ಮೊದಲೇ ಅದು ಅಳಿಸಿಹೋಗುತ್ತದೆ. ಒಂದು ಖಾಲಿ ಸಾಲು ಪ್ರಿಂಟ್ ಮಾಡಿ, ಸಾಕು.

ಹಂತ 8: ಬಾಗಿಲು, ಮತ್ತೆ ಪರೀಕ್ಷೆ

ಫೈಲಿನ ಕೊನೆಗೆ ಹೀಗಿರಲಿ:

ಇಫ್ __ನೇಮ್__ == "__ಮೇನ್__":
    ಟ್ರೈ:
        ಮೆನು_ನಡೆಸು("ಬೆಣ್ಣೆ ದೋಸೆ ಕೌಂಟರ್", ಆಯ್ಕೆಗಳು, "ಸಾಕು")
    ಎಕ್ಸೆಪ್ಟ್ (ಕೀಬೋರ್ಡ್‌ಇಂಟರಪ್ಟ್, ಇಒಎಫ್‌ಎರರ್):
        ಪ್ರಿಂಟ್("ಮತ್ತೆ ಬನ್ನಿ.")

ಮೊದಲ ಸಾಲಿನ ಅರ್ಥ: ಈ ಫೈಲನ್ನು ನೇರವಾಗಿ ಓಡಿಸಿದರೆ ಮಾತ್ರ ಮೆನು ಶುರು ಮಾಡು. ಬೇರೆ ಫೈಲಿನಿಂದ ಇದನ್ನು ಇಂಪೋರ್ಟ್ ಮಾಡಿ ಕೇಳು ಫಂಕ್ಷನ್ ಮಾತ್ರ ಬಳಸಬೇಕೆಂದಾಗ ಮೆನು ಬಂದು ಅಡ್ಡ ನಿಲ್ಲುವುದಿಲ್ಲ. ಕೀಬೋರ್ಡ್‌ಇಂಟರಪ್ಟ್ ಕಂಟ್ರೋಲ್-ಸಿಗೆ ಬರುತ್ತದೆ. ಇಒಎಫ್‌ಎರರ್ ಇನ್ನು ಓದಲು ಏನೂ ಉಳಿದಿಲ್ಲ ಎಂದಾಗ ಬರುತ್ತದೆ. ಲಿನಕ್ಸ್‌ನಲ್ಲಿ ಕಂಟ್ರೋಲ್-ಡಿ, ವಿಂಡೋಸ್‌ನಲ್ಲಿ ಕಂಟ್ರೋಲ್-ಝಡ್ ಒತ್ತಿ ಎಂಟರ್ ಕೊಟ್ಟರೆ ಇದನ್ನು ನೋಡಬಹುದು.

ಒಪ್ಪಿಸುವ ಮೊದಲು ಮುಖ್ಯ ಮೆನುವಿನಲ್ಲಿ ಇವನ್ನು ಒಂದೊಂದಾಗಿ ಒತ್ತಿ: ಬರೀ ಎಂಟರ್, 1, ೧, 01, 99, -1, 1.5, ², "ದೋಸೆ", ಆಮೇಲೆ ಕಂಟ್ರೋಲ್-ಸಿ. ತಿಂಡಿಯ ಪ್ರಶ್ನೆಗೂ ಇವನ್ನೇ ಕೊಡಿ, ಜೊತೆಗೆ 0 ಕೂಡ. ಒಂದಕ್ಕೂ ಎರರ್‌ಗಳ ಉದ್ದ ಸಾಲು ಬರಬಾರದು. ಬಿಲ್ಲು ಖಾಲಿ ಇದ್ದಾಗ 2 ಒತ್ತಿ ನೋಡಿ, ಏನು ತೋರಿಸುತ್ತದೆ ಅಂತ. ಕೊನೆಗೆ ತಿಂಡಿಗಳು ಪಟ್ಟಿಗೆ ("ಓಪನ್ ದೋಸೆ", 60) ಎಂದು ಒಂದು ಜೋಡಿ ಸೇರಿಸಿ ಓಡಿಸಿ. ಬೇರೆ ಯಾವ ಸಾಲನ್ನೂ ಮುಟ್ಟದೆ ಅದು ಮೆನುವಿನಲ್ಲಿ ಬಂದು, ಬಿಲ್ಲಿಗೂ ಸೇರಿದರೆ ಕೋಡ್ ಸರಿ ಇದೆ. ಇನ್ನೊಂದು ಕಡೆ ಏನಾದರೂ ತಿದ್ದಬೇಕಾಗಿ ಬಂದರೆ, ಆ ಸಾಲಿನಿಂದಲೇ ಮತ್ತೆ 4ನೇ ಹಂತಕ್ಕೆ ಹೋಗಿ.